ಕಟ್ಟೆಯ ತಪ್ಪುಕಾಣಿಕೆ, ಸರ್ಕಾರದ ಸೆರೆಮನೆ: ಬೆಂಗಳೂರು ಪೇಟೆಯಲ್ಲಿ ನ್ಯಾಯದ ಬಗೆಗಿನ ಜನಾಭಿಪ್ರಾಯ

ಬೆಂಗಳೂರಿನ ಹಳೆಯ ಪೇಟೆಗಳ ಹೆಸರುಗಳು ಬಹುಮಟ್ಟಿಗೆ ವೃತ್ತಿಗಳ ಹೆಸರುಗಳೇ ಆಗಿವೆ. 1537ರಲ್ಲಿ ಕೆಂಪೇಗೌಡನು ಕಟ್ಟಿಸಿದನೆಂದು ಪ್ರಸಿದ್ಧವಾಗಿರುವ ಊರಿನಲ್ಲಿ ಅಕ್ಕಿಪೇಟೆ, ಅರಳೆಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ಉಪ್ಪಾರಪೇಟೆಗಳ ಸಾಲಿನಲ್ಲಿ ಬಳೇಪೇಟೆಯೂ ನಿಲ್ಲುತ್ತದೆ. ಗಾಜು ಕರಗಿಸುವ ಕುಲುಮೆಗಳಿಗೆ ಹೊಸದುರ್ಗ ಸೀಮೆಯ ಮತ್ತೋಡಿನಂಥ ಊರುಗಳು ಹೆಸರಾಗಿದ್ದವು. ಪೇಟೆಯದು ಮುಖ್ಯವಾಗಿ ಕೊಡುಕೊಳ್ಳುವ ಬದುಕು. ಮಲಾರ ಹೊತ್ತು ಊರೂರು ತಿರುಗುವ ಬಳೆಗಾರನಿಗೆ ಕಡ ಕೊಟ್ಟು ಕಳುಹಿಸಿ, ಸುಗ್ಗಿ ಮುಗಿದ ಮೇಲೆ ಲೆಕ್ಕ ತೀರಿಸಿಕೊಳ್ಳುವ ಇಂಥ ವ್ಯಾಪಾರ ನಂಬಿಕೆಯ ಮೇಲೆ ನಡೆಯತಕ್ಕದ್ದು. ಈ ಬಳೇಪೇಟೆಯಿಂದ ಕಾಲ್ನಡಿಗೆಯ ದೂರದಲ್ಲಿಯೇ, ಇಂದಿನ ಶೇಷಾದ್ರಿ ರಸ್ತೆಯ ಬದಿಯಲ್ಲಿ, ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕೇಂದ್ರ ಕಾರಾಗೃಹವು ತಲೆಯೆತ್ತಿತು. ಪೇಟೆಯ ಕಟ್ಟೆ ಮತ್ತು ಸರ್ಕಾರದ ಸೆರೆಮನೆ ಎಂಬ ಈ ಎರಡು ಸಂಸ್ಥೆಗಳ ನಡುವೆ ಜನರ ಅಭಿಪ್ರಾಯ ಹೇಗೆ ಓಲಾಡಿತು ಎಂಬುದು ಇಲ್ಲಿ ಪರಿಶೀಲಿಸಬೇಕಾದ ವಿಷಯ.

ವಿಷಯಕ್ಕೆ ಇತ್ತೀಚಿನ ಹಿನ್ನೆಲೆಯೊಂದಿದೆ. ಕೆನಡಾ ದೇಶದ ಎಲ್ಮಿರಾ ಎಂಬ ಊರಿನಲ್ಲಿ 1974ರಲ್ಲಿ ಇಬ್ಬರು ತರುಣರು ಕುಡಿದ ಅಮಲಿನಲ್ಲಿ 22 ಕಡೆ ಹಾನಿ ಮಾಡಿದರು. ಅವರನ್ನು ಸೆರೆಗೆ ಕಳುಹಿಸುವ ಬದಲು ಹಾನಿಗೊಳಗಾದವರ ಮನೆಮನೆಗೂ ಕರೆದೊಯ್ದು, ತಪ್ಪೊಪ್ಪಿಸಿ, ನಷ್ಟ ಕಟ್ಟಿಕೊಡುವಂತೆ ಮಾಡಲಾಯಿತು. ಆ ಪ್ರಯೋಗದಿಂದ ಬೆಳೆದ ಚಿಂತನೆಯನ್ನು 'ಪುನಃಸ್ಥಾಪಕ ನ್ಯಾಯ' ಎಂದು ಕರೆಯಬಹುದು. ಅಪರಾಧವೆಂದರೆ ರಾಜ್ಯದ ಕಾನೂನಿನ ಉಲ್ಲಂಘನೆ ಎನ್ನುವುದಕ್ಕಿಂತ ಮೊದಲು ಒಬ್ಬ ಮನುಷ್ಯನಿಗೆ ಇನ್ನೊಬ್ಬನಿಂದಾದ ಕೇಡು. ಕೇಡನ್ನು ಸರಿಪಡಿಸುವ ಹೊಣೆ ಕೇಡು ಮಾಡಿದವನದು. ಕೇಡುಂಡವನ ಮಾತಿಗೆ ಮೊದಲ ಸ್ಥಾನ ಎಂಬುದು ಅದರ ತಿರುಳು. ನ್ಯೂಜಿಲೆಂಡ್ 1989ರಲ್ಲಿ ಬಾಲಾಪರಾಧಿಗಳ ವಿಷಯದಲ್ಲಿ ಮಾವೊರಿ ಕುಟುಂಬ ಪದ್ಧತಿಯನ್ನು ಅನುಸರಿಸಿ ಕಾನೂನು ಮಾಡಿತು. ವಿಶ್ವಸಂಸ್ಥೆಯ ಆರ್ಥಿಕ ಮತ್ತು ಸಾಮಾಜಿಕ ಮಂಡಳಿ 2002ರಲ್ಲಿ ಮೂಲತತ್ತ್ವಗಳನ್ನು ಅಂಗೀಕರಿಸಿತು. ಈ ಮಾತುಗಳು ನಮ್ಮಲ್ಲಿಗೆ ಬಂದಾಗ, 'ಇದೇನು ಹೊಸತು, ನಮ್ಮ ಅರಳಿಕಟ್ಟೆಯ ಪಂಚಾಯಿತಿ ಇದನ್ನೇ ಮಾಡುತ್ತಿತ್ತಲ್ಲ' ಎಂಬ ಉದ್ಗಾರ ಸಹಜವಾಗಿ ಕೇಳಿಬಂತು. ಜಾನಪದದ ಹೆಸರಿನಲ್ಲಿ ಹೇಳುವ ಈ ಮಾತು ಎಷ್ಟರಮಟ್ಟಿಗೆ ನಿಜ ಎಂಬುದನ್ನು ಆಧಾರಗಳಿಂದಲೇ ಒರೆಗೆ ಹಚ್ಚಬೇಕಾಗಿದೆ.

ಕನ್ನಡ ನಾಡಿನಲ್ಲಿ ನ್ಯಾಯಚಿಂತನೆಯ ಬಹುದೊಡ್ಡ ಗ್ರಂಥ ರಚಿತವಾದುದು ಕಲ್ಯಾಣದಲ್ಲಿ. ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ 'ಮಿತಾಕ್ಷರಾ' ವ್ಯಾಖ್ಯಾನದಲ್ಲಿ ಕುಲ, ಶ್ರೇಣಿ, ಪೂಗ, ಅವುಗಳ ಮೇಲೆ ರಾಜನು ನೇಮಿಸಿದ ಅಧಿಕಾರಿಗಳು ಎಂಬ ನ್ಯಾಯದ ಮೆಟ್ಟಿಲುಗಳ ವಿವರಣೆ ಬರುತ್ತದೆ. ಕುಲವೆಂದರೆ ಬಂಧುಬಳಗ. ಶ್ರೇಣಿಯೆಂದರೆ ಒಂದೇ ಕಸುಬಿನವರ ಕೂಟ. ಎಲೆ ಮಾರುವವರು, ನೇಯುವವರು, ಚರ್ಮದ ಕೆಲಸದವರು ಉದಾಹರಣೆಗಳು. ಪೂಗವೆಂದರೆ ಬೇರೆ ಬೇರೆ ಜಾತಿ, ಬೇರೆ ಬೇರೆ ಕಸುಬುಗಳವರಾಗಿದ್ದೂ ಒಂದೇ ಸ್ಥಳದಲ್ಲಿ ವಾಸಿಸುವವರ ಸಮೂಹ. ಪೇಟೆ ಎಂಬ ವಸತಿಯ ಸ್ವರೂಪಕ್ಕೆ ಇದಕ್ಕಿಂತ ಹೊಂದುವ ಶಾಸ್ತ್ರೀಯ ಪದ ಸಿಗಲಾರದು. ಅದೇ ಸ್ಮೃತಿಯಲ್ಲಿ, ಕಳ್ಳರು ಕದ್ದ ಸೊತ್ತನ್ನು ಪ್ರಜೆಗೆ ರಾಜನು ಹಿಂದಿರುಗಿಸಬೇಕು, ಕೊಡದಿದ್ದರೆ ಪಾಪಕ್ಕೆ ಭಾಗಿಯಾಗುತ್ತಾನೆ ಎಂಬ ವಿಧಿಯಿದೆ. ಆ ಪ್ರಜೆಯನ್ನು ಸೂಚಿಸಲು ಅಲ್ಲಿ ಬಳಸಿರುವ ಪದ 'ಜಾನಪದ' ಎಂಬುದೇ! ಇಂದು ಒಂದು ಅಧ್ಯಯನ ಶಿಸ್ತಿನ ಹೆಸರಾಗಿರುವ ಪದವು ಒಂದು ಕಾಲಕ್ಕೆ ಪರಿಹಾರ ಪಡೆಯುವ ಹಕ್ಕುಳ್ಳವನ ಹೆಸರಾಗಿತ್ತೆಂಬುದು ಸ್ವಾರಸ್ಯಕರ. ವಿಜಯನಗರ ಕಾಲದ ಕಾವಲುಗಾರರ ವ್ಯವಸ್ಥೆಯಲ್ಲಿಯೂ, ಕದ್ದ ಮಾಲನ್ನು ಪತ್ತೆಮಾಡದಿದ್ದರೆ ಕಾವಲಿನವನೇ ನಷ್ಟ ತುಂಬಬೇಕೆಂಬ ಕಟ್ಟಳೆ ಇದೇ ಭಾವನೆಯ ಮುಂದುವರಿಕೆ. ಆದರೆ ಸ್ಮೃತಿಯು ಇಷ್ಟಕ್ಕೇ ನಿಲ್ಲುವುದಿಲ್ಲ. ಕಳ್ಳನಿಂದ ಸೊತ್ತನ್ನು ಕೊಡಿಸಿದ ಮೇಲೆ ಅವನಿಗೆ ದೇಹದಂಡನೆಯನ್ನೂ ವಿಧಿಸುತ್ತದೆ. ಕೊಡಿಸುವುದೂ ಶಿಕ್ಷಿಸುವುದೂ ಅಂದು ಒಟ್ಟಿಗೇ ನಡೆಯುತ್ತಿದ್ದವು.

ಪೇಟೆಯ ಜಾತಿ ವ್ಯವಸ್ಥೆಯ ಬಗ್ಗೆ ನಮಗಿರುವ ಬಹು ಮುಖ್ಯವಾದ ಲಿಖಿತ ಸಾಕ್ಷ್ಯ ಫ್ರಾನ್ಸಿಸ್ ಬುಕಾನನ್‌ನದು. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಆತ ಬೆಂಗಳೂರಿನಲ್ಲಿ ತಂಗಿದ್ದು ಒಂದೊಂದು ಕಸುಬಿನವರನ್ನೂ ವಿಚಾರಿಸಿ ಬರೆದುಕೊಂಡ. ಬಲಗೈಯ ಹದಿನೆಂಟು ಪಣ, ಎಡಗೈಯ ಒಂಬತ್ತು ಪಣಗಳ ವಿಭಾಗವನ್ನೂ, ಒಂದಕ್ಕೆ ಬಣಜಿಗರು ಮತ್ತೊಂದಕ್ಕೆ ಪಾಂಚಾಲರು ಮುಂದಾಳುಗಳಾಗಿದ್ದುದನ್ನೂ ಆತ ದಾಖಲಿಸಿದ್ದಾನೆ. ಬಹುತೇಕ ಎಲ್ಲ ಕುಲಗಳಿಗೂ ವಂಶಪಾರಂಪರ್ಯದ ಯಜಮಾನನಿದ್ದನು. ಹಿರಿಯರೊಡನೆ ಕೂತು ವ್ಯಾಜ್ಯ ತೀರಿಸುವುದು, ಛೀಮಾರಿ ಹಾಕುವುದು, ದಂಡ ವಿಧಿಸುವುದು, ಕೊನೆಗೆ ಕುಲದಿಂದ ಹೊರಹಾಕುವುದು ಅವನ ಅಧಿಕಾರಗಳಾಗಿದ್ದವು. ಇವುಗಳಲ್ಲಿ ಸೆರೆ ಎಂಬುದಕ್ಕೆ ಸ್ಥಾನವಿಲ್ಲದಿರುವುದನ್ನು ಗಮನಿಸಬೇಕು. ಕಟ್ಟೆಯ ನ್ಯಾಯಕ್ಕೆ ಸೆರೆಯಿಂದ ಉಪಯೋಗವೂ ಇರಲಿಲ್ಲ. ಸಾಲ ತೀರಿಸದ ನೇಕಾರನನ್ನು ಕೂಡಿಹಾಕಿದರೆ ಮಗ್ಗ ನಿಲ್ಲುತ್ತದೆ. ಮಗ್ಗ ನಿಂತರೆ ಸಾಲ ತೀರುವುದಿಲ್ಲ. ತಪ್ಪು ಮಾಡಿದವನನ್ನು ದುಡಿಮೆಯಲ್ಲಿ ಉಳಿಸಿಕೊಳ್ಳುವುದು ಕರುಣೆಯ ಮಾತಾಗಿರದೆ ಲೆಕ್ಕಾಚಾರದ ಮಾತಾಗಿತ್ತು ಎಂದು ತಿಳಿಯುವುದೇ ಸರಿ.

ಬುಕಾನನ್‌ನ ನಂತರ ಶತಮಾನವೊಂದು ಕಳೆದ ಮೇಲೆ ಈ ವಿಷಯವನ್ನು ಸಂಗ್ರಹಿಸಿದವರು ಎಚ್.ವಿ. ನಂಜುಂಡಯ್ಯನವರು (1860–1920). ಕನ್ನಡಿಗರು ಅವರನ್ನು ಚಾಮರಾಜಪೇಟೆಯಲ್ಲಿ ನೆಲೆನಿಂತ ಕನ್ನಡ ಸಾಹಿತ್ಯ ಪರಿಷತ್ತಿನ ಮೊದಲ ಅಧ್ಯಕ್ಷರೆಂದೂ ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಕುಲಪತಿಗಳೆಂದೂ ನೆನೆಯುತ್ತಾರೆ. ಅವರು 1884ರಲ್ಲಿ ಸ್ಥಾಪಿತವಾದ ಮೈಸೂರು ಚೀಫ್ ಕೋರ್ಟಿನ ನ್ಯಾಯಾಧೀಶರೂ ಆಗಿದ್ದರೆಂಬುದು ಪ್ರಸ್ತುತ ವಿಷಯಕ್ಕೆ ಹೆಚ್ಚು ಮುಖ್ಯ. ದಂಡಸಂಹಿತೆಯ ಪ್ರಕಾರ ತೀರ್ಪು ಬರೆದ ಕೈಯೇ ಕುಲಪಂಚಾಯಿತಿಗಳ ಕಟ್ಟಳೆಗಳನ್ನೂ ಬರೆದಿಟ್ಟಿತು. ಮುಂದೆ ಎಲ್.ಕೆ. ಅನಂತಕೃಷ್ಣ ಅಯ್ಯರ್ ಅವರು ಪೂರ್ಣಗೊಳಿಸಿದ, 1928ರಿಂದ 1935ರವರೆಗೆ ನಾಲ್ಕು ಸಂಪುಟಗಳಲ್ಲಿ ಹೊರಬಂದ ಮೈಸೂರಿನ ಬುಡಕಟ್ಟು ಮತ್ತು ಜಾತಿಗಳ ಬೃಹತ್ ಗ್ರಂಥದಲ್ಲಿ ಈ ಸಾಮಗ್ರಿ ದೊರೆಯುತ್ತದೆ. ಹೊರಹಾಕಲ್ಪಟ್ಟವನನ್ನು ಮತ್ತೆ ಕುಲಕ್ಕೆ ಸೇರಿಸಿಕೊಳ್ಳುವ ವಿಧಿಗಳು ಅದರಲ್ಲಿ ವಿಶೇಷವಾಗಿ ಗಮನ ಸೆಳೆಯುತ್ತವೆ. ತಪ್ಪಿತಸ್ಥನು ಕೂಟದ ಮುಂದೆ ಅಡ್ಡಬೀಳುವುದು, ಕಾಯಿಸಿದ ಚಿನ್ನದ ತಂತಿಯನ್ನು ನಾಲಗೆಗೆ ಮುಟ್ಟಿಸುವುದು, ತೀರ್ಥ ಕೊಡುವುದು, ತಪ್ಪುಕಾಣಿಕೆ ಒಪ್ಪಿಸುವುದು, ಕೊನೆಯಲ್ಲಿ ಕುಲದವರಿಗೆ ಊಟ. ಅವನ ಮನೆಯ ಅನ್ನವನ್ನು ಉಳಿದವರು ಉಂಡರೆಂದರೆ ಪ್ರಕರಣ ಮುಗಿಯಿತು. ಆಮೇಲೆ ಅದನ್ನು ಎತ್ತಿ ಆಡುವವನೇ ತಪ್ಪಿತಸ್ಥ.

ಈ ಕೊನೆಯ ಅಂಶವೇ ಕಟ್ಟೆಯ ನ್ಯಾಯದ ನಿಜವಾದ ಬಲ. ಸೆರೆಮನೆಗೆ ಒಳಗೆ ಹೋಗುವ ವಿಧಿಯಿದೆ, ಅಂಕಿ ಕೊಡುವುದು, ಬಟ್ಟೆ ಬದಲಿಸುವುದು. ಹೊರಬಂದವನನ್ನು ಊರಿಗೆ ಸೇರಿಸಿಕೊಳ್ಳುವ ವಿಧಿ ಅದಕ್ಕಿಲ್ಲ. ಶಿಕ್ಷೆಯ ಅವಧಿ ಮುಗಿದರೂ 'ಜೈಲಿಗೆ ಹೋಗಿಬಂದವನು' ಎಂಬ ಹೆಸರು ಮುಗಿಯುವುದಿಲ್ಲ. ಆಸ್ಟ್ರೇಲಿಯಾದ ವಿದ್ವಾಂಸ ಜಾನ್ ಬ್ರೈತ್‌ವೇಟ್ 1989ರಲ್ಲಿ ಪ್ರತಿಪಾದಿಸಿದ, ಮರಳಿ ಸೇರಿಸಿಕೊಳ್ಳುವ ಲಜ್ಜೆ ಮತ್ತು ಕಳಂಕ ಹಚ್ಚುವ ಲಜ್ಜೆ ಎಂಬ ಭೇದವನ್ನು ಈ ಊಟದ ವಿಧಿಯ ಪಕ್ಕದಲ್ಲಿಟ್ಟು ನೋಡಿದರೆ ಅರ್ಥ ಸ್ಪಷ್ಟವಾಗುತ್ತದೆ.

ಆದರೆ ಕಟ್ಟೆಯ ನ್ಯಾಯವನ್ನು ಪುನಃಸ್ಥಾಪಕ ನ್ಯಾಯವೆಂದೇ ಕರೆಯುವವರು ಒಂದು ಸರಳ ಪ್ರಶ್ನೆಯನ್ನು ಕೇಳಿಕೊಂಡಿಲ್ಲ. ತಪ್ಪುಕಾಣಿಕೆ ಯಾರಿಗೆ ಸಲ್ಲುತ್ತಿತ್ತು? ಹೆಚ್ಚಿನ ಸಂದರ್ಭಗಳಲ್ಲಿ ಅದು ದೇವರಿಗೆ, ಕಟ್ಟೆಮನೆಗೆ, ಕುಲದ ಊಟಕ್ಕೆ ಸಲ್ಲುತ್ತಿತ್ತೇ ಹೊರತು ಕೇಡುಂಡವನ ಕೈಗಲ್ಲ. ಅಂದರೆ ಕಟ್ಟೆಯ ದೃಷ್ಟಿಯಲ್ಲಿ ಗಾಯಗೊಂಡದ್ದು ಕುಲದ ಮಾನ. ಅಪರಾಧವನ್ನು ಕೇಡುಂಡವನಿಂದ ರಾಜ್ಯವು ಕಿತ್ತುಕೊಂಡಿತು ಎಂದು ಆಧುನಿಕ ದಂಡನ್ಯಾಯವನ್ನು ಟೀಕಿಸುವವರು, ಕುಲವೂ ಅದನ್ನೇ ಮಾಡಿತ್ತೆಂಬುದನ್ನು ಮರೆಯಬಾರದು. ಹೆಣ್ಣುಮಕ್ಕಳ ವಿಷಯದಲ್ಲಂತೂ ಇದು ಇನ್ನೂ ಕಠೋರ. ಅವರ ಮೇಲೆ ತೀರ್ಪು ಕೊಡುವ ಕಟ್ಟೆಯಲ್ಲಿ ಅವರಿಗೆ ಕೂರುವ ಜಾಗವಿರಲಿಲ್ಲ. ತಲೆ ಬೋಳಿಸಿ, ಮುಖಕ್ಕೆ ಮಸಿ ಬಳಿದು, ಕತ್ತೆಯ ಮೇಲೆ ಮೆರೆಸುವ ಶಿಕ್ಷೆಗಳ ನೆನಪು ನಮ್ಮ ಬೈಗುಳಗಳಲ್ಲಿಯೇ ಉಳಿದಿದೆ. ಬೆಂಕಿ, ನೀರು, ಅಂಗಡಿ, ಕ್ಷೌರ ಎಲ್ಲವನ್ನೂ ನಿಲ್ಲಿಸುವ ಬಹಿಷ್ಕಾರವು ಗೋಡೆಯಿಲ್ಲದ ಸೆರೆಯೇ ಆಗಿತ್ತು. ಹಳ್ಳಿಯ ಸ್ವಾಯತ್ತತೆಯನ್ನು ಕೊಂಡಾಡಿದವರಿಗೆ ಅಂಬೇಡ್ಕರ್ ಅವರು 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಕೊಟ್ಟ ಕಟುವಾದ ಉತ್ತರದ ಹಿಂದೆ ಈ ಅನುಭವವಿದೆ. ಕಟ್ಟಾ ಪಂಚಾಯಿತಿಗಳು ಕಾನೂನುಬಾಹಿರವೆಂದು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ಅರುಮುಗಂ ಸೇರ್ವೈ ಪ್ರಕರಣದಲ್ಲಿ ಹೇಳಿದ್ದೂ ಇದೇ ಕಾರಣಕ್ಕೆ.

ಜನಾಭಿಪ್ರಾಯವನ್ನು ಅಳೆಯುವುದಕ್ಕೆ ಜಾನಪದದಲ್ಲಿ ನುಡಿಗಟ್ಟುಗಳಿಗಿಂತ ಉತ್ತಮ ಆಕರವಿಲ್ಲ. ಬೆಂಗಳೂರು ಸೀಮೆಯ ಆಡುಮಾತಿನಲ್ಲಿ ಜೈಲಿಗೆ ಹೋಗುವುದೆಂದರೆ 'ಕಂಬಿ ಎಣಿಸುವುದು', 'ಮುದ್ದೆ ಮುರಿಯುವುದು', 'ಮಾವನ ಮನೆಗೆ ಹೋಗುವುದು'. ಸೆರೆಮನೆಗೆ 'ಕೃಷ್ಣನ ಜನ್ಮಸ್ಥಾನ' ಎಂಬ ಬಿರುದು. ಭಯದ ಜಾಗವನ್ನು ಹಾಸ್ಯದಿಂದ ಗೆಲ್ಲುವ ಈ ಮಾತುಗಳಲ್ಲಿ ಅಪರಾಧಿಯಿದ್ದಾನೆ, ಸರ್ಕಾರವಿದೆ, ಊಟವಿದೆ. ಕೇಡುಂಡವನು ಎಲ್ಲಿಯೂ ಇಲ್ಲ. ನ್ಯಾಯಾಲಯದ ಬಗೆಗಿನ ಗಾದೆಯೂ ಅಷ್ಟೇ ನಿಷ್ಠುರ: ಗೆದ್ದವನು ಸೋತ, ಸೋತವನು ಸತ್ತ. ಇದಕ್ಕೆ ಎದುರಾಗಿ 'ಉಪ್ಪು ತಿಂದವನು ನೀರು ಕುಡಿಯಲೇಬೇಕು', 'ಮಾಡಿದ್ದುಣ್ಣೋ ಮಹಾರಾಯ' ಎಂಬ ಗಾದೆಗಳು ನಿಂತಿವೆ. ಎರಡನೆಯದನ್ನು ಎಂ.ಎಸ್. ಪುಟ್ಟಣ್ಣನವರು 1915ರಲ್ಲಿ ತಮ್ಮ ಕಾದಂಬರಿಗೆ ಹೆಸರಾಗಿಟ್ಟುಕೊಂಡರು. ಇವು ಪ್ರತೀಕಾರದ ಗಾದೆಗಳೆಂದು ತೋರಿದರೂ, ಶಿಕ್ಷೆ ಕೊಡುವವನೊಬ್ಬನು ಇಲ್ಲಿಲ್ಲ. ತಪ್ಪೇ ತನ್ನ ಫಲವನ್ನು ತರುತ್ತದೆ. ಮೂರನೆಯ ಬಗೆಯೂ ಒಂದಿದೆ. 'ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು' ಎಂಬ ಗಾದೆ ಪರಿಹಾರವೆಂಬ ಕಲ್ಪನೆಯ ಬುಡವನ್ನೇ ಅಲುಗಾಡಿಸುತ್ತದೆ. ಎಲ್ಲ ಕೇಡನ್ನೂ ಕಟ್ಟಿಕೊಡಲಾಗದು ಎಂಬ ತಿಳಿವು ಜನರಿಗೆ ಇದ್ದೇ ಇತ್ತು. ಗೋವಿನ ಹಾಡಿನ ಪುಣ್ಯಕೋಟಿಯನ್ನು ಹುಲಿಯು ಮಾತಿನ ಮೇಲೆ ಬಿಟ್ಟುಕಳುಹಿಸುವುದನ್ನು ಇಂದಿನ ಭಾಷೆಯಲ್ಲಿ ಪೆರೋಲ್ ಎನ್ನಬೇಕಾದೀತು. ಅಲ್ಲಿ ಹಸುವಿನ ತಪ್ಪೇನೂ ಇರಲಿಲ್ಲವೆಂಬುದು ಬೇರೆ ಮಾತು.

ಸೆರೆಮನೆಯ ಬಗೆಗಿನ ಅಭಿಪ್ರಾಯವನ್ನು ರಾಜಕೀಯವೂ ತಿದ್ದಿತು. 1942ರ ಚಳವಳಿ ಮತ್ತು 1947ರ ಮೈಸೂರು ಚಲೋ ಕಾಲದಲ್ಲಿ ಪೇಟೆಯ ಮನೆಗಳ ತರುಣರು ಸೆರೆಗೆ ಹೋದಾಗ, ಕಳಂಕದ ಜಾಗ ಕೆಲಕಾಲ ಗೌರವದ ಜಾಗವಾಯಿತು. ತುರ್ತುಪರಿಸ್ಥಿತಿಯಲ್ಲಿ (1975–77) ಅಟಲ್ ಬಿಹಾರಿ ವಾಜಪೇಯಿ, ಲಾಲ್ ಕೃಷ್ಣ ಆಡ್ವಾಣಿ, ಮಧು ದಂಡವತೆ ಮೊದಲಾದವರು ಬೆಂಗಳೂರಿನ ಈ ಕಾರಾಗೃಹದಲ್ಲಿದ್ದರು. 'ಸಂಸ್ಕಾರ' ಚಿತ್ರದ ನಟಿ ಸ್ನೇಹಲತಾ ರೆಡ್ಡಿಯವರು ಉಬ್ಬಸದಿಂದ ನರಳುತ್ತ ಇಲ್ಲಿಯೇ ತಿಂಗಳುಗಟ್ಟಲೆ ಸೆರೆಯಲ್ಲಿದ್ದು, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು ತೀರಿಕೊಂಡರು. ಅವರ ಸೆರೆಮನೆಯ ದಿನಚರಿಯು ಪ್ರಕಟವಾದ ಮೇಲೆ ಗೋಡೆಯ ಒಳಗಿನ ಬದುಕು ಓದುಗರ ಕಣ್ಣಿಗೆ ಬಿತ್ತು. ಆದರೆ ರಾಜಕೀಯ ಕೈದಿಗಳ ಮೇಲಿನ ಈ ಗೌರವ ಸಾಮಾನ್ಯ ಕೈದಿಯವರೆಗೆ ಇಳಿಯಲಿಲ್ಲ. 2000ದ ಸುಮಾರಿಗೆ ಕೈದಿಗಳನ್ನು ಪರಪ್ಪನ ಅಗ್ರಹಾರಕ್ಕೆ ಸಾಗಿಸಿ, 2008ರ ನವೆಂಬರ್‌ನಲ್ಲಿ ಹಳೆಯ ಜಾಗವನ್ನು ಸ್ವಾತಂತ್ರ್ಯ ಉದ್ಯಾನವಾಗಿ ತೆರೆಯಲಾಯಿತು. 2021ರ ಆದೇಶವೊಂದರ ನಂತರ ನಗರದ ಪ್ರತಿಭಟನೆಗಳೆಲ್ಲ ಆ ಉದ್ಯಾನಕ್ಕೇ ಸೀಮಿತವಾದವು. ಘೋರ ಕೃತ್ಯವೊಂದು ನಡೆದಾಗ ಅಪರಾಧಿಗಳನ್ನು ಗಲ್ಲಿಗೇರಿಸಿ ಎಂಬ ಘೋಷಣೆ ಕೇಳುವುದು ಇದೇ ಹಳೆಯ ಸೆರೆಮನೆಯ ನೆಲದಲ್ಲಿ. ಆ ಘೋಷಣೆಯನ್ನು ಅಜ್ಞಾನವೆಂದು ತಳ್ಳಿಹಾಕುವುದು ವಿದ್ವಾಂಸರಿಗೆ ಶೋಭಿಸದು. ರಾಜಿಯ ಹೆಸರಿನಲ್ಲಿ ಬಲಹೀನರ ಬಾಯಿ ಮುಚ್ಚಿಸಿದ ಚರಿತ್ರೆ ಜನರ ನೆನಪಿನಲ್ಲಿದೆ. ಅತ್ಯಾಚಾರದ ಪ್ರಕರಣಗಳಲ್ಲಿ ರಾಜಿಗೆ ಎಡೆಯಿಲ್ಲವೆಂದು 2013ರ ಶಿಂಭು ಪ್ರಕರಣದಲ್ಲಿಯೂ, ಲೈಂಗಿಕ ದೌರ್ಜನ್ಯದ ಆರೋಪಿಯು ದೂರುದಾರಳಿಂದ ರಾಖಿ ಕಟ್ಟಿಸಿಕೊಳ್ಳಬೇಕೆಂದು ಮಧ್ಯಪ್ರದೇಶದ ಉಚ್ಚ ನ್ಯಾಯಾಲಯ ವಿಧಿಸಿದ್ದ ಜಾಮೀನು ಷರತ್ತನ್ನು 2021ರ ಮಾರ್ಚ್‌ನಲ್ಲಿ ರದ್ದುಪಡಿಸಿಯೂ ಸರ್ವೋಚ್ಚ ನ್ಯಾಯಾಲಯವು ಎಳೆದ ಗೆರೆ ಈ ನೆನಪಿಗೆ ಕೊಟ್ಟ ಮನ್ನಣೆಯಾಗಿದೆ.

ಇನ್ನೊಂದು ಕಡೆ, ಸೆರೆಮನೆಯಲ್ಲಿ ಇರುವವರು ಯಾರೆಂಬುದನ್ನೂ ನೋಡಬೇಕು. 2022ರ ರಾಷ್ಟ್ರೀಯ ಅಂಕಿಅಂಶಗಳ ಪ್ರಕಾರ ದೇಶದ ಜೈಲುಗಳಲ್ಲಿದ್ದ ಸುಮಾರು 5.73 ಲಕ್ಷ ಮಂದಿಯಲ್ಲಿ ಸುಮಾರು 4.34 ಲಕ್ಷ ಮಂದಿ ವಿಚಾರಣಾಧೀನರು. ನಾಲ್ವರಲ್ಲಿ ಮೂವರ ಮೇಲಿನ ಆರೋಪ ಸಾಬೀತಾಗಿರಲಿಲ್ಲ. ಗಲ್ಲಿನ ಘೋಷಣೆ ಹುಟ್ಟುವುದು ಅಪರೂಪದ ಘೋರ ಅಪರಾಧದಿಂದ. ಜೈಲು ತುಂಬುವುದು ಬಹುಮಟ್ಟಿಗೆ ಜಾಮೀನಿಗೆ ಹಣವೂ ಜನವೂ ಇಲ್ಲದವರಿಂದ.

ಪೇಟೆಯ ವ್ಯಾಪಾರಿ ವರ್ಗದ ಅಭಿಪ್ರಾಯ ಮಾತ್ರ ಅಂದಿಗೂ ಇಂದಿಗೂ ಹೆಚ್ಚು ಬದಲಾಗಿಲ್ಲವೆನ್ನಬಹುದು. ಚೆಕ್ ಅಮಾನ್ಯವಾಗುವುದನ್ನು 1989ರ ಏಪ್ರಿಲ್ 1ರಿಂದ ಅಪರಾಧವೆಂದು ಘೋಷಿಸಿದ ಮೇಲೆ ಪೇಟೆಯ ಕಡದ ಲೆಕ್ಕಗಳು ಮ್ಯಾಜಿಸ್ಟ್ರೇಟರ ಮುಂದೆ ಬಂದು ನಿಂತವು. ದೂರು ಕೊಟ್ಟ ವ್ಯಾಪಾರಿಗೆ ಬೇಕಾದದ್ದು ಎದುರಾಳಿಯ ಸೆರೆಯಲ್ಲ, ತನ್ನ ಹಣ; ಸೆರೆಯ ಹೆದರಿಕೆ ವಸೂಲಿಯ ಸಾಧನ ಮಾತ್ರ. ಈ ವಾಸ್ತವವನ್ನು ಒಪ್ಪಿಕೊಂಡು ಸರ್ವೋಚ್ಚ ನ್ಯಾಯಾಲಯವು 2010ರ ದಾಮೋದರ ಪ್ರಭು ಪ್ರಕರಣದಲ್ಲಿ ಬೇಗ ರಾಜಿಯಾಗುವವರಿಗೆ ಅನುಕೂಲವಾಗುವ ಸೂತ್ರಗಳನ್ನು ರೂಪಿಸಿತು. 2017ರ ಮತ್ತೊಂದು ತೀರ್ಪಿನಲ್ಲಿ ಇಂಥ ಪ್ರಕರಣಗಳಲ್ಲಿ ಪರಿಹಾರವೇ ಮುಖ್ಯ, ಶಿಕ್ಷೆ ಅದಕ್ಕೆ ಪೂರಕ ಎಂದಿತು. ಲೋಕ ಅದಾಲತ್‌ಗಳೂ, 2007ರ ಜನವರಿಯಲ್ಲಿ ಆರಂಭವಾದ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರವೂ ಕಟ್ಟೆಯ ಕೆಲಸವನ್ನೇ ಬೇರೆ ಕಟ್ಟಳೆಗಳಲ್ಲಿ ಮುಂದುವರಿಸಿವೆ. ವ್ಯತ್ಯಾಸವೆಂದರೆ ಇಲ್ಲಿ ಒಪ್ಪದಿರುವ ಹಕ್ಕು ಉಭಯಪಕ್ಷಗಳಿಗೂ ಇದೆ. ಯಜಮಾನನ ಮುಂದೆ ಒಪ್ಪದಿದ್ದವನಿಗೆ ಬಹಿಷ್ಕಾರ ಕಾದಿರುತ್ತಿತ್ತು. ಮಧ್ಯಸ್ಥಿಕೆಯಲ್ಲಿ ಒಪ್ಪದವನಿಗೆ ನ್ಯಾಯಾಲಯದ ಬಾಗಿಲು ತೆರೆದಿರುತ್ತದೆ. ಪುನಃಸ್ಥಾಪಕ ನ್ಯಾಯಕ್ಕೂ ಕುಲದ ನ್ಯಾಯಕ್ಕೂ ಇರುವ ಗಡಿ ಇದೇ ಒಪ್ಪಿಗೆಯ ಪ್ರಶ್ನೆ.

ಸಣ್ಣ ಕಳವಿನ ವಿಷಯದಲ್ಲಿ ಕಾನೂನು ಇತ್ತೀಚೆಗೆ ಒಂದು ಹೆಜ್ಜೆ ಇಟ್ಟಿದೆ. ಮೊದಲ ಅಪರಾಧಿಗಳನ್ನು ಬುದ್ಧಿಹೇಳಿ ಬಿಡುವ, ಪರಿಹಾರ ಕೊಡಿಸುವ ಅವಕಾಶ 1958ರ ಪ್ರೊಬೇಷನ್ ಕಾಯಿದೆಯಲ್ಲಿಯೇ ಇತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯು ಸಮುದಾಯ ಸೇವೆಯನ್ನು ಶಿಕ್ಷೆಗಳ ಪಟ್ಟಿಗೆ ಸೇರಿಸಿತು. ಕದ್ದ ವಸ್ತುವಿನ ಬೆಲೆ 5,000 ರೂಪಾಯಿಗಿಂತ ಕಡಿಮೆಯಿದ್ದು, ಮೊದಲ ಸಲ ಶಿಕ್ಷೆಗೊಳಗಾದವನು ಆ ಬೆಲೆಯನ್ನೋ ವಸ್ತುವನ್ನೋ ಹಿಂದಿರುಗಿಸಿದರೆ ಅವನಿಗೆ ಸೆರೆಯ ಬದಲು ಸಮುದಾಯ ಸೇವೆ. ಬಳೇಪೇಟೆಯ ಅಂಗಡಿಯೊಂದರಿಂದ ಬಳೆಯ ಡಬ್ಬಿಯನ್ನೋ ಸೀರೆಯನ್ನೋ ಎತ್ತಿದವನು ಈ ವಿಧಿಯ ವ್ಯಾಪ್ತಿಗೆ ಬರಬಲ್ಲನು. ಆ ಸೇವೆಯು ಸಮುದಾಯಕ್ಕೆ ಪ್ರಯೋಜನಕರವಾದ, ಸಂಬಳವಿಲ್ಲದ ಕೆಲಸವೆಂದು ದಂಡಪ್ರಕ್ರಿಯೆಯ ಹೊಸ ಸಂಹಿತೆ ವಿವರಿಸುತ್ತದೆ. ಅದನ್ನು ನಿರ್ಧರಿಸುವವರು ನ್ಯಾಯಾಧೀಶರು. ಕಳ್ಳನೂ ಅಂಗಡಿಯವನೂ ಎದುರುಬದುರು ಕೂತು ಮಾತಾಡುವ ಏರ್ಪಾಡು ಆ ವಿಧಿಯಲ್ಲಿಲ್ಲ. ಅಂಗಡಿಯವನು ಈಗಲೂ ಒಬ್ಬ ಸಾಕ್ಷಿಯಾಗಿಯೇ ಕಟಕಟೆ ಹತ್ತಿ, ಸಾಕ್ಷ್ಯ ನುಡಿದು, ಅಂಗಡಿಗೆ ಹಿಂದಿರುಗುತ್ತಾನೆ.